ತಲೆ ಮೇಲಿನ ರೊಟ್ಟಿ ಸಪ್ಪಳ

ರಾಯಚೂರಿನ ನನ್ನ ಬಾಡಿಗೆ ಮನೆಗೆ ಒಂದೇ ಒಂದು ಕಟ್ಟುನಿಟ್ಟಿನ ಕರಾರಿತ್ತು: ಮಾಳಿಗೆ ಮೇಲೆ ರೊಟ್ಟಿ ಬಡಿಯಬಾರದು. ಕೆಳಗಿದ್ದ ಮಾಲಕಿ ಶಿವಮ್ಮನಿಗೆ ಆ ಸಪ್ಪಳ ನೆತ್ತಿಗೇ ಬಡಿಯುತ್ತಿತ್ತಂತೆ. ನಾನೋ ಬಾಗಲವಾಡ ಹಳ್ಳಿಯವಳು, ಜೋಳದ ರೊಟ್ಟಿ ಬಿಟ್ಟಿರಲಾರೆ. ಖಾನಾವಳಿಯಿಂದ ತಂದು ತಿನ್ನುತ್ತಿದ್ದೆ.

ಕೊರೊನಾ ಬಂದು ಖಾನಾವಳಿ ಮುಚ್ಚಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನನಗೂ ಸೋಂಕು ತಗುಲಿತು. ಓಣಿಯವರು ಬಂದು, "ಆಕಿ ಕಡಿಂದ ಮನಿ ಖಾಲಿ ಮಾಡಸ್ರಿ" ಎಂದು ಶಿವಮ್ಮನ ಬಾಗಿಲಲ್ಲೇ ನಿಂತರು. ಮೇಲಿಂದ ಕೇಳಿಸಿಕೊಂಡ ನಾನು ಬಟ್ಟೆ ಗಂಟು ಕಟ್ಟತೊಡಗಿದೆ.

"ಮನಿ ನಂದು. ಖಾಲಿ ಮಾಡ್ಸಾಕ ನೀವ್ಯಾರ್ರಿ?" ಎಂದಳು ಶಿವಮ್ಮ. ಅವರನ್ನು ಕಳಿಸಿ, ಮೆಟ್ಟಿಲ ಮೇಲೆ ಜೋಳದ ಹಿಟ್ಟಿನ ಡಬ್ಬಿ ಇಟ್ಟು ಕೂಗಿದಳು: "ಯವ್ವಾ, ದಿನಾ ಮುಂಜಾನಿ ಒಂದರ ರೊಟ್ಟಿ ಬಡಿ. ಸಪ್ಪಳ ಕೇಳಿದ್ರ ನೀ ಆರಾಮ ಅದಿ ಅಂತ ತಿಳಕೋತೀನಿ."

ಮೈಯಲ್ಲಿ ತ್ರಾಣವಿಲ್ಲದೆ ಎರಡೇ ಬಡಿತಕ್ಕೆ ನಿಲ್ಲಿಸಿದರೆ ಕೆಳಗಿಂದ ದನಿ ಬರುತ್ತಿತ್ತು: "ಅಷ್ಟಕ್ಕ ರೊಟ್ಟಿ ತೆಳ್ಳಗ ಆಗ್ತದೇನ? ಇನ್ನಷ್ಟು ಬಡಿ!"

ಗುಣವಾಗಿ ಕೆಳಗಿಳಿದ ದಿನ ಆಕೆಯ ಮೊದಲ ಮಾತು: "ನಾಳಿಂದ ಹಳೇ ಕರಾರು."

ಮರುದಿನ ನಾನು ಬಡಿಯಲಿಲ್ಲ. ಎಂಟು ಗಂಟೆಗೆ ಶಿವಮ್ಮ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದು ಬಾಗಿಲು ಬಡಿದಳು:

"ಯಾಕವ್ವಾ, ಸಪ್ಪಳನ ಇಲ್ಲ?"