ಹತ್ತು ನಿಮಿಷ ಮುಂದಿದ್ದ ದೇಶ

ವಾಡಿ ರೈಲ್ವೆ ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆಯುತ್ತಿದ್ದ ಧರ್ಮಣ್ಣನಿಗೆ ತನ್ನ ಕೈಗಡಿಯಾರದ ಮೇಲೆ ಇದ್ದಷ್ಟು ನಂಬಿಕೆ ಇನ್ಯಾವುದರ ಮೇಲೂ ಇರಲಿಲ್ಲ. ದಿನಾ ಡ್ಯೂಟಿಗೆ ಹೋಗುವಾಗ ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೆ ನಿಂತು ಮುಳ್ಳು ಕೂಡಿಸಿಕೊಳ್ಳುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುತ್ತಿದ್ದುದು ಗೋಡೆಯ ಗಡಿಯಾರದ ಕಡೆ. ಅದು ಹಿಂದೆಮುಂದೆ ಇದ್ದರೆ ಚಹಾ ಬರುವಷ್ಟರಲ್ಲಿ ಕುರ್ಚಿ ಹತ್ತಿ ಸರಿಮಾಡಿರುತ್ತಿದ್ದ. ಬೀಗರ ಮನೆಯಲ್ಲೂ ಬಿಟ್ಟವನಲ್ಲ.

"ಗಾಡಿ ನಡಸೋ ಮಂದಿ ನಾವು. ಎರಡ ಮಿನಿಟ ಹೆಚ್ಚುಕಮ್ಮಿ ಆದ್ರ ಎರಡ ಗಾಡಿ ಒಂದರ ಮ್ಯಾಲ ಒಂದು ಏರ್ತಾವ" ಎನ್ನುತ್ತಿದ್ದ.

ಧರ್ಮಣ್ಣನ ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡು ಹತ್ತು ಹನ್ನೆರಡು ವರ್ಷವಾಗಿತ್ತು. ತಾಯಿ ಭೀಮಬಾಯಿಗೆ ಅರವತ್ತೆಂಟರ ಮೇಲೆ ವಯಸ್ಸು. ೧೯೭೮ರಲ್ಲಿ ಒಂದು ದಿನ ಊಟದ ನಡುವೆ ಆಕೆ, "ಬುದ್ಧ ಹುಟ್ಟಿದ ಜಾಗ ನೋಡಬೇಕಂತ ಆಸೆ ಆಗ್ಯದ" ಎಂದಳು.

"ಅದು ಬ್ಯಾರೆ ದೇಶದಾಗ ಅದ, ಯವ್ವಾ."

"ನಿನಗ ಪಾಸ್ ಕೊಡ್ತಾರಲ್ಲೋ?"

"ಪಾಸ್ ರೈಲಿಗಿ. ದೇಶಕ್ಕಲ್ಲ."

ಮರುದಿನ ಕ್ಯಾಬಿನ್ನಿನಲ್ಲಿ ಈ ಮಾತು ಕೇಳಿ ಜೊತೆಯವನಾದ ಶೌಕತ ಅಲಿ ನಕ್ಕುಬಿಟ್ಟ. "ಅರೇ ಧರ್ಮಣ್ಣಾ, ನೇಪಾಳಕ್ಕ ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಏನೂ ಬೇಕಾಗಂಗಿಲ್ಲ. ಗಡಿ ತನಾ ನಿನ್ನ ಪಾಸಿನ ಮ್ಯಾಲ ಹೋಗು. ಆಮ್ಯಾಲ ನಡಕೋತ ದಾಟು. ಅಮ್ಮಾಗ ಕರಕೊಂಡು ಹೋಗು, ಪುಣ್ಯಾ ಬರ್ತದ."

ಹಾಗೆ ದೀಪಾವಳಿ ಮುಗಿದ ವಾರದಲ್ಲಿ ಧರ್ಮಣ್ಣ, ಅವನ ಹೆಂಡತಿ ಅನಸುಬಾಯಿ ಮತ್ತು ತಾಯಿ, ಮೂವರೂ ಹೊರಟರು. ಅನಸುಬಾಯಿ ಅರವತ್ತು ಕಟಕ ರೊಟ್ಟಿ ಬಡಿದು, ಗಟ್ಟಿಯಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಮೂರು ದಿನದಲ್ಲಿ ನಾಲ್ಕು ಗಾಡಿ ಬದಲಿಸಿ ಗೋರಖಪುರದ ಆಚೆ ನೌತನವಾ ಎಂಬ ಕಟ್ಟಕಡೆಯ ಸ್ಟೇಷನ್ನಿಗೆ ಬಂದು, ಅಲ್ಲಿಂದ ಟಾಂಗಾದಲ್ಲಿ ಗಡಿ ಮುಟ್ಟಿದರು.

ಗಡಿಯ ಪಹರೆಯವನು ಗಂಟು ಬಿಚ್ಚಿಸಿ, ಒಂದರ ಮೇಲೊಂದು ಪೇರಿಸಿದ್ದ ರೊಟ್ಟಿಗಳನ್ನು ಬೆರಳಲ್ಲಿ ಬಡಿದು ನೋಡಿದ. ಟಕ್ ಟಕ್ ಎಂದವು. ಇಷ್ಟೊಂದು ತಟ್ಟೆ ಯಾಕೆ ಒಯ್ಯುತ್ತೀರಿ, ಮಾರುವುದಕ್ಕೋ ಎಂದು ಹಿಂದಿಯಲ್ಲಿ ಕೇಳಿದ. ಅನಸುಬಾಯಿ ಒಂದು ರೊಟ್ಟಿ ಮುರಿದು, ಮೇಲೆ ಖಾರದ ಶೇಂಗಾ ಪುಡಿ ಉದುರಿಸಿ ಅವನ ಕೈಗಿಟ್ಟಳು. ಅವನು ಕಚ್ಚಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಮೂಗೊರೆಸಿಕೊಂಡು ಇನ್ನೊಂದು ಕೇಳಿ ಪಡೆದು, ಹೋಗಿ ಎಂದು ಕೈ ಮಾಡಿದ.

ಸಂಜೆ ಭೈರಹವಾ ಎಂಬ ಊರಿನ ಧರ್ಮಶಾಲೆಯಲ್ಲಿ ಇಳಿದುಕೊಂಡರು. ಮರುದಿನ ಬೆಳಿಗ್ಗೆ ಎಂಟಕ್ಕೆ ಲುಂಬಿನಿಗೆ ಬಸ್ಸು. ಅದು ಬಿಟ್ಟರೆ ಮಧ್ಯಾಹ್ನವೇ. ಧರ್ಮಣ್ಣ ಆಗಲೇ ಹೋಗಿ ಟಿಕೇಟು ತಂದ. ಬರುವಾಗ ಧರ್ಮಶಾಲೆಯ ಪಡಸಾಲೆಯಲ್ಲಿ ಗೋಡೆಯ ಗಡಿಯಾರ ಕಂಡಿತು. ಸರಿಯಾಗಿ ಹತ್ತು ನಿಮಿಷ ಮುಂದೆ ಓಡುತ್ತಿತ್ತು.

"ನೋಡು, ಹ್ಯಾಂಗ ಇಟ್ಟಾರ" ಎಂದು ಬೆಂಚು ಎಳೆದ.

"ಪರದೇಶದಾಗರೆ ಸುಮ್ನ ಕುಂದ್ರಬಾರದೇನ್ರಿ?" ಎಂದಳು ಅನಸುಬಾಯಿ. ಅಷ್ಟರಲ್ಲಿ ಅವನು ಹತ್ತಿ ಮುಳ್ಳು ತಿರುಗಿಸಿ ಇಳಿದಾಗಿತ್ತು.

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿದೆ ಎನ್ನುವಾಗ ಮೂವರೂ ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸು ಇರಲಿಲ್ಲ. ಹೋಯಿತು ಎಂದ ಟಿಕೇಟು ಕೊಡುವವನು. ಧರ್ಮಣ್ಣನ ರಕ್ತ ಕುದಿಯಿತು. ಹೊತ್ತಿಗೆ ಮುಂಚೆ ಗಾಡಿ ಬಿಡುವುದು ಎಂಥ ಅಪರಾಧ, ತಮ್ಮಲ್ಲಾದರೆ ನೌಕರಿಯೇ ಹೋಗುತ್ತದೆ ಎಂದು ತನಗೆ ಬರುವ ದಖನಿ ಹಿಂದಿಯಲ್ಲಿ ಅಬ್ಬರಿಸಿದ. ಅವನ ಹಿಂದಿ ಆ ಮನುಷ್ಯನಿಗೆ ಅರ್ಧ ತಿಳಿಯಿತು, ಸಿಟ್ಟು ಪೂರಾ ತಿಳಿಯಿತು. ತಾರೀಖು ನೋಡೋಣವೆಂದು ಧರ್ಮಣ್ಣ ಕನ್ನಡಕ ಏರಿಸಿ ಟಿಕೇಟು ಹಿಡಿದ. ಅದರಲ್ಲಿ ೨೦೩೫ನೇ ಇಸವಿ ಬರೆದಿತ್ತು.

"ಏನಂತ್ರಿ?" ಎಂದಳು ಅನಸುಬಾಯಿ.

"ಐವತ್ತೇಳ ವರ್ಷ ಆದ ಮ್ಯಾಲ ಬರೋ ಬಸ್ಸಿನ ಟಿಕೇಟ್ ಕೊಟ್ಟಾನ!"

ಭೀಮಬಾಯಿ ಗಂಟಿನ ಮೇಲೆ ಕುಳಿತಲ್ಲಿಂದಲೇ, "ಅಲ್ಲಿ ತನಾ ನಾ ಇರಲ್ಲ ಬಿಡಪಾ, ನೀವು ಹೋಗಿ ಬರ್ರಿ" ಎಂದಳು.

ಟಿಕೇಟಿನವನು ನಗು ತಡೆದುಕೊಂಡು ನಿಧಾನವಾಗಿ ತಿಳಿಸಿ ಹೇಳಿದ. ಇಲ್ಲಿ ನಡೆಯುವುದು ವಿಕ್ರಮ ಶಕೆ, ಈಗ ಎರಡು ಸಾವಿರದ ಮೂವತ್ತೈದು. ಮತ್ತೆ ಇಲ್ಲಿಯ ಹೊತ್ತು ಹಿಂದೂಸ್ಥಾನದ ಹೊತ್ತಿಗಿಂತ ಹತ್ತು ನಿಮಿಷ ಮುಂದೆ. ಬಸ್ಸು ಎಂಟಕ್ಕೇ ಹೋಗಿದೆ.

ಧರ್ಮಣ್ಣ ತನ್ನ ಕೈಗಡಿಯಾರ ನೋಡಿಕೊಂಡ. ಆಗಲೇ ಧರ್ಮಶಾಲೆಯ ಕಡೆಯಿಂದ ನಾಗಪುರದ ನಿವೃತ್ತ ಮಾಸ್ತರರೂ ಅವರ ಹೆಂಡತಿಯೂ ಓಡುತ್ತ ಬಂದರು. ಅವರೂ ಲುಂಬಿನಿಗೆ ಹೊರಟವರೇ. ಬಸ್ಸು ಹೋಯಿತೆಂದು ತಿಳಿದು, ಪಡಸಾಲೆಯ ಗಡಿಯಾರ ನೋಡಿಯೇ ಬಂದೆವಲ್ಲ ಎಂದು ಮಾಸ್ತರರು ಮರಾಠಿಯಲ್ಲಿ ಗೊಣಗಿದರು.

ಅನಸುಬಾಯಿ ಗಂಡನ ಮುಖ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಧರ್ಮಣ್ಣ ಎರಡೂ ಕೈ ಜೋಡಿಸಿ, ಆ ಗಡಿಯಾರ ತಿರುಗಿಸಿದವನು ತಾನೇ ಎಂದು ಒಪ್ಪಿಕೊಂಡ. ಮಾಸ್ತರರ ಹೆಂಡತಿಗೆ ಮೊದಲು ನಗು ಬಂತು, ಆಮೇಲೆ ಮಾಸ್ತರರಿಗೂ ಬಂತು. ಧರ್ಮಣ್ಣ ಕೈಗಡಿಯಾರ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, "ನಿನ್ನ ಚೀಲದಾಗ ಇಟ್ಟಬಿಡು" ಎಂದ.

ಟಿಕೇಟಿನವನೇ ಒಂದು ಟ್ರ್ಯಾಕ್ಟರ್ ಗೊತ್ತು ಮಾಡಿಕೊಟ್ಟ. ಅದು ಬರುವ ತನಕ ಭೀಮಬಾಯಿಯನ್ನು ಎದುರಿನ ಚಹಾದ ಅಂಗಡಿಯಲ್ಲಿ ಕೂರಿಸಿದರು. ಅಂಗಡಿಯ ಹೆಂಗಸು ಚಹಾ ಚಾಚಿದಳು. ಆಗಲೇ ಎರಡು ಸಲ ಕುಡಿದಿದ್ದ ಭೀಮಬಾಯಿ, ತನಗೆ ಬರುತ್ತಿದ್ದ ಒಂದೇ ಒಂದು ದಖನಿ ಮಾತನ್ನು ನೆನಪಿಸಿಕೊಂಡು "ನಕ್ಕೋ, ನಕ್ಕೋ" ಎಂದಳು. ಬೇಡ ಎಂದು ಅದರ ಅರ್ಥ. ಆ ಹೆಂಗಸಿಗೆ ಕೇಳಿದ್ದು 'ನಾಕ್', ಅಂದರೆ ಮೂಗು; ಮುದುಕಿಗೆ ಮೂಗಿನದೇನೋ ತೊಂದರೆ ಎಂದುಕೊಂಡಳು. ಒಳಗಿನಿಂದ ಸಾಸಿವೆ ಎಣ್ಣೆ ಬಿಸಿ ಮಾಡಿ ತಂದು, ಭೀಮಬಾಯಿಯ ಗದ್ದ ಹಿಡಿದೆತ್ತಿ ಮೂಗಿಗೆ ಸವರತೊಡಗಿದಳು. "ನಕ್ಕೋ!" ಎಂದಷ್ಟೂ ಎಣ್ಣೆ ಹೆಚ್ಚಾಯಿತು. ಅನಸುಬಾಯಿ ಬರುವಷ್ಟರಲ್ಲಿ ಅತ್ತೆಯ ಮೂಗು ದೀಪದ ಹಾಗೆ ಹೊಳೆಯುತ್ತಿತ್ತು.

"ಮೂರ ದಿನದಿಂದ ಕಟ್ಟಿತ್ತು, ಖರೇನ ಬಿಡ್ತು ನೋಡು. ಭಾಳ ಛಲೋ ಹೆಣಮಗಳು" ಎಂದಳು ಭೀಮಬಾಯಿ.

ಟ್ರ್ಯಾಕ್ಟರಿನ ಹಿಂದಿನ ಟ್ರಾಲಿಯಲ್ಲಿ ಹುಲ್ಲು ಹಾಸಿತ್ತು. ಐವರೂ ಕುಲುಕುತ್ತ, ಕಟಕ ರೊಟ್ಟಿ ಕಡಿಯುತ್ತ, ಭತ್ತದ ಗದ್ದೆಗಳ ನಡುವೆ ಹೋದರು. ಲುಂಬಿನಿ ತಲುಪಿದಾಗ ಎಷ್ಟು ಗಂಟೆಯಾಗಿತ್ತೋ ಧರ್ಮಣ್ಣ ಕೇಳಲಿಲ್ಲ.

ದೊಡ್ಡದೇನೂ ಇರಲಿಲ್ಲ ಅಲ್ಲಿ. ಒಂದು ಕಲ್ಲಿನ ಕಂಬ, ಒಂದು ಹೊಂಡ, ಒಂದು ಅರಳಿಮರ, ಒಂದು ಸಣ್ಣ ಗುಡಿ. ಗುಡಿಯೊಳಗೆ ಸವೆದುಹೋದ ಕಲ್ಲಿನಲ್ಲಿ ಕೊಂಬೆ ಹಿಡಿದು ನಿಂತ ಹೆಂಗಸಿನ ಆಕಾರ. ಅಲ್ಲಿದ್ದ ಬೌದ್ಧ ಭಿಕ್ಷು ಭಂತೇಜಿ ಹಿಂದಿಯಲ್ಲಿ ವಿವರಿಸಿದ್ದನ್ನು ಧರ್ಮಣ್ಣ ತಾಯಿಗೆ ಹೇಳಿದ: "ಮಾಯಾದೇವಿ ಅಂತ, ಬುದ್ಧನ ತಾಯಿ. ಹಡೀಲಿಕ್ಕಿ ತವರಿಗಿ ಹೊಂಟಿದ್ದಳಂತ. ದಾರಿಯಾಗ ಇಲ್ಲೇ ಬ್ಯಾನಿ ಬಂದು ಟೊಂಗಿ ಹಿಡಕೊಂಡು ನಿಂತಳಂತ."

ಭೀಮಬಾಯಿ ಕಲ್ಲಿನ ಹತ್ತಿರ ಸರಿದಳು. ಆಮೇಲೆ ತನ್ನ ಬಲಗೈ ಮೇಲೆತ್ತಿ, "ಕೈ ಹಿಂಗೇ ಇರ್ತದ" ಎಂದಳು. "ಕುರಕುಂಟಾದಿಂದ ಚಿಮ್ಮನಚೋಡಕ್ಕ ನಾನೂ ತವರಿಗೇ ಹೊಂಟಿದ್ದೆ. ಬಂಡಿ ಕುಲುಕಿ ನಡುದಾರಿಯಾಗ ಬ್ಯಾನಿ ಸುರು ಆಯ್ತು. ಬೇವಿನ ಗಿಡದ ಟೊಂಗಿ ಹಿಡಕೊಂಡೇ ನಿನ್ನ ಹಡದೆ."

ಐವತ್ತು ವರ್ಷದ ಧರ್ಮಣ್ಣ ಈ ಮಾತನ್ನು ಕೇಳಿದ್ದು ಅದೇ ಮೊದಲು. "ಯಾಕ ಹೇಳಲಿಲ್ಲ, ಯವ್ವಾ?"

"ನೀ ಎಂದ ಕೇಳಿದಿ?" ಎಂದವಳು ಭಂತೇಜಿಯ ಕಡೆ ತಿರುಗಿ, "ಆಮ್ಯಾಲ ಅಕಿ ತವರಿಗಿ ಹೋದಳೇನು?" ಎಂದು ಮಗನ ಮೂಲಕ ಕೇಳಿಸಿದಳು.

ಇಲ್ಲ, ಗಂಡನ ಮನೆಗೇ ಮರಳಿದಳು, ಏಳನೆಯ ದಿನಕ್ಕೆ ತೀರಿಕೊಂಡಳು ಎಂದರು ಭಂತೇಜಿ.

"ಪಾಪ" ಎಂದಳು ಭೀಮಬಾಯಿ. "ನಾ ಹೋದೆ. ಮೂರ ತಿಂಗಳ ಕುಂತು ಉಂಡೆ." ಆ ಕಲ್ಲಿನ ಪಾದಕ್ಕೆ ಹಣೆ ಹಚ್ಚಿ ಎದ್ದಾಗ ಅವಳ ಮುಖ ತಿಳಿಯಾಗಿತ್ತು.

ವಾಡಿಗೆ ಮರಳಿದ ಮೇಲೆ ಧರ್ಮಣ್ಣ ಬಸ್ಸು ತಪ್ಪಿದ ಕತೆಯನ್ನು ತಾನೇ ಎಲ್ಲರಿಗೂ ಹೇಳಿಕೊಂಡು ನಕ್ಕ. ಶೌಕತ ಅಲಿಯಂತೂ ವಾರಕ್ಕೊಮ್ಮೆ ಹೇಳಿಸಿ ಕೇಳುತ್ತಿದ್ದ.

ತೊಗರಿ ಕಾಯಿ ಬಲಿತ ಕಾಲಕ್ಕೆ ಒಂದು ರಜೆಯ ದಿನ ಧರ್ಮಣ್ಣ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಸೇಡಂ ದಾಟಿ ಚಿಂಚೋಳಿ ಹಾದಿಯಲ್ಲಿ ನಡುವೆಯೇ ಬಸ್ಸಿಳಿದ. ತಾಯಿ ಹೇಳಿದ ಆ ಬೇವಿನ ಮರ ಹುಡುಕಬೇಕಿತ್ತು. ಭೀಮಬಾಯಿ ಒಂದು ಬದು ತೋರಿಸಿ "ಇಲ್ಲೇ" ಎಂದಳು. ನಾಲ್ಕು ಹೆಜ್ಜೆ ನಡೆದು, "ಅಲ್ಲ, ಹಳ್ಳದ ಆಕಡಿ" ಎಂದಳು. ಮರ ಎಲ್ಲೂ ಇರಲಿಲ್ಲ. ಹೊಲದ ಯಜಮಾನ ಗೊಲ್ಲಾಳಪ್ಪ ಎಂಬುವನು ಬಂದು, ಏನು ಕಳಕೊಂಡೀರಿ ಎಂದು ವಿಚಾರಿಸಿದ.

"ಏನೂ ಕಳಕೊಂಡಿಲ್ರಿ. ಇವರು ಹುಟ್ಟಿದ ಜಾಗ ಹುಡಕಲಿಕತ್ತೀವಿ" ಎಂದಳು ಅನಸುಬಾಯಿ.

ಅವನಿಗೆ ಏನು ತಿಳಿಯಿತೋ, "ಹಂಗಾದ್ರ ನಮ್ಮ ಊರವರೇ ಆದ್ರಲ್ರಿ, ಕುಂದ್ರಿ" ಎಂದು ಬದುವಿನ ಮೇಲೆ ಕಂಬಳಿ ಹಾಸಿದ. ಬೇಯಿಸಿದ ತೊಗರಿಕಾಯಿ ತಂದು ನಡುವೆ ಸುರಿದ. ಮೂವರೂ ಸುಲಿಯುತ್ತ ತಿನ್ನುತ್ತ ಬಿಸಿಲಲ್ಲಿ ಕುಳಿತರು.