ಎರಡು ಬೊಟ್ಟಿನ ಫರ್ಸಿ

ನನ್ನ ಮೊಮ್ಮಗಳಿಗೆ ನಾನೇ ಎರೀತೀನಿ. ಸೊಸಿಗೆ ಇನ್ನೂ ಅಂಜಿಕಿ, ಕೂಸು ಕೈಯಿಂದ ಜಾರೀತು ಅಂತ. ನಾನು ಬಚ್ಚಲದಾಗಿನ ಫರ್ಸಿ ಕಲ್ಲಿನ ಮ್ಯಾಲ ಕುಂತು, ಎರಡೂ ಕಾಲು ನೀಡಿ, ಕೂಸಿನ್ನ ಕಾಲ ಮ್ಯಾಲ ಮಲಗಿಸಿಕೊಂಡು ಎಣ್ಣಿ ತಿಕ್ಕಿ ನೀರು ಹಾಕ್ತೀನಿ. ಮೊದಲ ತಂಬಿಗಿಗೆ ಆಕಿ ಓಣಿ ಎಲ್ಲಾ ಎದ್ದು ಬರೂ ಹಂಗ ಚೀರ್ತಾಳ. ಆಮ್ಯಾಲ ಅರ್ಧ ಕಣ್ಣು ಮುಚ್ಚಿ ತುಟಿ ಚಪ್ಪರಿಸ್ತಾಳ, ದೊಡ್ಡ ಗೌಡ್ತಿ ಹಂಗ. ಎಷ್ಟು ದೇವರಿಗೆ ಕೈ ಮುಗಿದ ಮ್ಯಾಲ ಬಂದಾಕಿ ಆಕಿ! ಆ ಹಿಮ್ಮಡಿ, ಆ ಕಿವಿ, ಆ ಹೊಟ್ಟಿ… ನಾನು ಸಾಲಿಗೆ ಹೋದದ್ದು ಸ್ವಲ್ಪೇ, ಇಂಥಾ ಖುಷಿ ಬರಿಯಲಿಕ್ಕೆ ಯಾವ ಅಕ್ಷರ ಹಾಕಬೇಕೋ ನನಗ ತಿಳಿಯಂಗಿಲ್ಲ. ಓದವರು ತಾವೇ ತಿಳಕೊಳ್ಳಬೇಕು.

ಮೊನ್ನಿ ನೀರು ಒಂದೀಟು ಹೆಚ್ಚು ಕಾದಿತ್ತು. ಕೂಸಿಗೆ ಹಾಕೂದು ಬಿಟ್ಟು ಫರ್ಸಿ ಮ್ಯಾಲ ಚೆಲ್ಲಿದೆ. ಚೆಲ್ಲಿದ ಕೂಡಲೇ ಕಲ್ಲಿನೊಳಗಿಂದ ಒಂದು ವಾಸನಿ ಎದ್ದು ಬಂತು. ಕುಸುಬಿ ಎಣ್ಣಿದು, ಹೊಗಿದು, ಸೀದ ಬೆಲ್ಲದ್ದು.

"ಕಲ್ಲಿಗಿ ಎಲ್ಲೆರ ವಾಸನಿ ಇರ್ತದೇನ್ರಿ ಅತ್ತಿ? ಮೊಮ್ಮಗಳು ಬಂದಾಗಿಂದ ನಿಮಗ ಹುಚ್ಚ ಹಿಡದದ," ಅಂತ ಸೊಸಿ ನಕ್ಕಳು.

ಹಿಡಿದಿರಬೇಕು. ಆದ್ರ ಆ ಫರ್ಸಿ ನಮ್ಮದಲ್ಲ. ಅದರ ಒಂದು ಮೂಲಿಯೊಳಗ ಉಳಿಯಿಂದ ಕೊರೆದ ಎರಡು ಬೊಟ್ಟು ಅದಾವ. ಅದು ಎದುರುಮನಿ ಆಯಿದು.

ನಮ್ಮದು ಕಲ್ಲಿನ ಊರು. ಇಲ್ಲಿ ಗ್ವಾಡಿನೂ ಫರ್ಸಿ, ನೆಲಾನೂ ಫರ್ಸಿ, ಮಾಳಗಿನೂ ಫರ್ಸಿ. ನಮ್ಮ ಮನಿಯವರು ಭಂಕೂರ ಕಡಿ ಖಣಿಯೊಳಗ ಕಲ್ಲು ತೆಗಿಯಲಿಕ್ಕೆ ಹೋಗ್ತಿದ್ದರು, ಓಣಿಯ ಅರ್ಧ ಗಂಡಸರದೂ ಅದೇ ಕೆಲಸ. ಮನಿ ಸಣ್ಣವು, ಓಣಿ ಇಕ್ಕಟ್ಟು. ಆದ್ರ ಓಣಿಯ ತುದಿಗೆ ಒಂದು ಬಯಲಿತ್ತು, ನಡುವೆ ಒಂದು ಬೇವಿನ ಗಿಡ. ಯಾರ ಮನಿಯೊಳಗ ಲಗ್ನ ಇರಲಿ, ಬಸರಿ ಹೆಣ್ಣಿನ ಕುಬಸ ಇರಲಿ, ಕೂಸಿನ ತೊಟ್ಟಿಲ ಇರಲಿ, ಹಂದರ ಬೀಳೂದು ಅಲ್ಲೇ. ಸತ್ತವರನ್ನ ಮಣ್ಣಿಗೆ ಒಯ್ಯೂ ತನಕ ಕೂಡಿಸೂದೂ ಆ ಗಿಡದ ಬುಡಕ್ಕೇ. ಊಟದ ದಿನ ಮನಿಗೊಂದು ದೊಡ್ಡ ಫರ್ಸಿ ತಂದು ಸಾಲಾಗಿ ಹಾಸ್ತಿದ್ದೆವು, ಮಂದಿ ಅದರ ಮ್ಯಾಲ ಕುಂತು ಉಣ್ತಿದ್ದರು. ಉಂಡಾದ ಮ್ಯಾಲ ಯಾರ ಕಲ್ಲು ಅವರ ಮನಿಗೆ. ತಕರಾರು ಬರಬಾರದು ಅಂತ ಒಂದೊಂದು ಮನಿಗೆ ಒಂದೊಂದು ಗುರುತು. ನಮ್ಮದಕ್ಕ ಒಂದು ಗೆರಿ. ಅರಿವಿ ಹೊಲಿಯೂ ಸಿಂಪಿಗ್ಯಾನ ಕಲ್ಲಿಗೆ ಕತ್ತರಿ. ಆಯಿದಕ್ಕ ಎರಡು ಬೊಟ್ಟು.

ಆಯಿ ಅಂದ್ರ ನನಗ ಬಳಗ ಅಲ್ಲ. ಗಂಡ ತೀರಿಕೊಂಡಿದ್ದ, ಒಬ್ಬಾಕಿ ಮಗಳನ್ನ ಚಿತ್ತಾಪುರಕ್ಕ ಕೊಟ್ಟಿದ್ದಳು. ಓಣಿಗೆಲ್ಲಾ ಆಯಿ, ನನಗೂ ಆಯಿ. ಕಡ್ಡಿ ಹಂಗ ಇದ್ದಳು, ಬಾಯಿ ಮಾತ್ರ ಡೊಳ್ಳು. ಹಂದರ ಬಿತ್ತಂದ್ರ ಮೊದಲ ಫರ್ಸಿ ಆಕಿದೇ ಬೀಳಬೇಕು, ಅದೂ ಒಲಿಯ ಮಗ್ಗಲಿಗೆ. ಅದರ ಮ್ಯಾಲ ಎಣ್ಣಿ ಡಬ್ಬಿ, ಬೆಲ್ಲದ ಪಾಕದ ಬೋಗುಣಿ, ಸೌಟು, ಎಲ್ಲಾ. ಕಲ್ಲಿಗೆ ವಾಸನಿ ಹಿಡಿದದ್ದು ಅಲ್ಲೇ ಇರಬೇಕು…

ನನ್ನ ಮಗನ ಲಗ್ನದಾಗ ನಾನು ಅಳ್ಕೋತ ಕುಂತಿದ್ದೆ, ಖುಷಿಗೇ ಅಳು ಬಂದಿತ್ತು. ಆಯಿ ಒಲಿ ಮುಂದಿಂದ ಒದರಿದಳು:

"ಏ, ಮಳಿಗಾಲದ ಮಾರಿ! ಅಳೂದಾದ್ರ ಇಲ್ಲಿ ಬಂದು ಸಾರಿನಾಗ ಅಳು. ಉಪ್ಪು ಕಡಿಮಿ ಆಗ್ಯದ."

ಹಂದರದ ಮಂದಿ ಎಲ್ಲಾ ನಕ್ಕರು. ನಾನೂ ನಕ್ಕೆ.

ಆ ಲಗ್ನ ಆದ ಮ್ಯಾಲ ಒಂದು ದಿನ ನಮ್ಮ ವಾರ್ಡಿನ ಮೆಂಬರ್ ಬಂದ. ಮುನ್ಸಿಪಾಲ್ಟಿಯೊಳಗ ಮಾತಾಗ್ಯದ, ಊರಾಗಿನ ಖಾಲಿ ಜಾಗಾ ಎಲ್ಲಾ ನೋಡಿ ಏನಾರ ಮಾಡ್ತಾರ, ನಿಮ್ಮ ಬಯಲನ್ನೂ ಸಾಹೇಬ್ರು ನೋಡಲಿಕ್ಕೆ ಬರ್ತಾರ ಅಂದ. ಕಲ್ಲು ಪಾಲಿಶ್ ಮಾಡೂ ಮಷೀನಿಗೆ ಕೊಡ್ತಾರ ಅಂತ ಕೆಲವರು, ಅಂಗಡಿ ಕಟ್ಟಸ್ತಾರ ಅಂತ ಕೆಲವರು. ಗಾರ್ಡನ್ನೂ ಆಗಬಹುದು ಅಂತ ಮೆಂಬರ್ ಬಾಯಿ ತೆಗೆದ ಕೂಡಲೇ ನಾವು ಹೆಣ್ಣುಮಕ್ಕಳು "ಗಾರ್ಡನ್ ಮಾಡಸ್ರಿ, ಗಾರ್ಡನ್ ಮಾಡಸ್ರಿ" ಅಂತ ಮುಗಿಬಿದ್ದೆವು. ನನಗಂತೂ ಆಗಲೇ ಕಣ್ಣಮುಂದ ಮೊಮ್ಮಕ್ಕಳು ಜೋಕಾಲಿ ಆಡಲಿಕತ್ತಿದ್ದವು. ಮಗನ ಲಗ್ನದ ಅರಿಶಿಣ ಇನ್ನೂ ಒಣಗಿದ್ದಿಲ್ಲ, ನನ್ನ ಆಸೆ ಅಷ್ಟು.

ಆಯಿ ಒಬ್ಬಾಕಿನೇ ಮಾರಿ ಗಂಟು ಹಾಕಿಕೊಂಡು ನಿಂತಿದ್ದಳು. "ಮಂದಿ ಉಣ್ಣೋ ಜಾಗಾಕ್ಕ ಖಾಲಿ ಅಂತಾನ ಈ ಮೆಂಬರ. ಇವನ ಜಾವಳದ ಊಟಾನೂ ಇಲ್ಲೇ ಆಗ್ಯದ."

ಈಗ ನಾವು ಮಾಡಿದ ಕೆಲಸ ಹೇಳ್ತೀನಿ ಕೇಳ್ರಿ. ಸಾಹೇಬ್ರು ಬರ್ತಾರ ಅಂದಕೂಡಲೇ ಓಣಿಯ ಹೆಣ್ಣುಮಕ್ಕಳೆಲ್ಲಾ ಸೆರಗು ಕಟ್ಟಿದೆವು. ಒಲಿಯ ಕಲ್ಲು ಕಿತ್ತಿದೆವು. ಬೂದಿ ಬಳಿದು ಚೆಲ್ಲಿದೆವು. ಹಂದರದ ಗಳ ಬಿಚ್ಚಿ ಮಾಳಗಿಗೆ ಏರಿಸಿದೆವು. ಅಲ್ಲೇ ಉಳಿದಿದ್ದ ಫರ್ಸಿನೂ ಅವರವರ ಮನಿಗೆ ಹೋದವು. ಆಡಿನ ಗೂಟ ಕಿತ್ತೆವು, ನೀರು ಹೊಡೆದು ಸಾರಿಸಿ ಗಿಡದ ಸುತ್ತ ರಂಗೋಲಿ ಹಾಕಿದೆವು. ಬಯಲು ಅನ್ನೂದು ಕನ್ನಡಿ ಆತು. ಮನಿಗೆ ಹೆಣ್ಣು ನೋಡಲಿಕ್ಕೆ ಬರ್ತಾರ ಅಂದ್ರೂ ನಾವು ಹಂಗ ಬಳದವರಲ್ಲ.

ಆಯಿ ಕಸಬರಿಗಿ ಕಸಗೊಳ್ಳಲಿಕ್ಕೆ ಬಂದಳು. "ಒಲಿ ಕೀಳಬ್ಯಾಡ್ರೇ! ಮಸಿ ಇರಲಿ, ಬೂದಿ ಇರಲಿ, ನೋಡ್ಲಿ ಅವರು!"

"ಮಂದಿ ಬಂದಾಗ ಎಂಜಲಾ ಹರವಿ ತೋರಸ್ತಾರೇನ ಆಯಿ?" ಅಂದಳು ಸಿಂಪಿಗ್ಯಾನ ಹೇಣ್ತಿ.

"ನಿಮ್ಮ ಮಾರಿಗಿ ನಾಚಿಕಿ ಹೆಚ್ಚಾಗ್ಯದ," ಅಂದು ಆಯಿ ಮನಿಯಿಂದ ತನ್ನ ಫರ್ಸಿ ಉರುಳಿಸಿಕೋತ ತಂದು, ಬೇವಿನ ಬುಡಕ್ಕ ಹಾಕಿ, ನಮ್ಮ ರಂಗೋಲಿ ತುಳಿದು ಅದರ ಮ್ಯಾಲ ಕುಂತಳು. ನಮಗ ಭಾಳ ಸಿಟ್ಟು ಬಂತು.

ಸಾಹೇಬ್ರು ಬಂದರು, ಕೂಡ ಇಬ್ಬರು ಟೇಪ್ ಹಿಡಿದವರು. ಸುತ್ತ ನೋಡಿ, "ಭಾಳ ಸ್ವಚ್ಛ ಇಟ್ಟೀರಲ್ಲಾ! ಯಾರೂ ಬಳಸೂ ಹಂಗ ಕಾಣಂಗಿಲ್ಲ," ಅಂದರು. ನಾವು ಹೊಗಳಿಕಿ ಅಂತ ತಿಳಿದು ಹಲ್ಲು ಬಿಟ್ಟೆವು. ಖರೇ ಹೇಳ್ತೀನಿ, ಅದು ಹೊಗಳಿಕಿನೋ ಅಲ್ಲೋ ಅಂತ ನನಗ ಇನ್ನೂ ಬಗಿಹರಿದಿಲ್ಲ. ಅವರು ಒಳ್ಳೆ ಮನುಷ್ಯ. ನಮ್ಮ ಮನಿ ಚಾ ಕುಡಿದು ಹೋದರು.

ಹೋಗೂದಕ್ಕಿಂತ ಮೊದಲು ಆಯಿ ಹಂತ್ಯಾಕ ಬಂದು ನಿಂತರು.

"ಏನಮ್ಮಾ, ಇಲ್ಲಿ ಏನ್ ಮಾಡ್ಲಿಕತ್ತಿ?"

"ಕುಂತೀನ್ರಿ."

"ಈ ಜಾಗಾದಾಗ ನಿಂದೇನಾರ ಅದೇನು?"

ಈಗ ಆಯಿ ಬಾಯಿ ಬಿಚ್ಚತಾಳ, ಸಾಹೇಬ್ರ ಗತಿ ಮುಗೀತು ಅಂತ ನಾವು ಉಸಿರು ಹಿಡಿದು ನಿಂತಿದ್ದೆವು. ಆಯಿ ಅವರನ್ನ ಒಮ್ಮೆ ಮ್ಯಾಲಿಂದ ಕೆಳಗ ನೋಡಿದಳು.

"ನಂದೇನಿಲ್ರಿ. ಎಲ್ಲಾರ್ದೂ ಅದ."

"ಎಲ್ಲಾರ್ದೂ ಅಂದ್ರ ಮುನ್ಸಿಪಾಲ್ಟಿದೇ ಆತಲ್ಲಮ್ಮಾ," ಅಂತ ಸಾಹೇಬ್ರು ನಕ್ಕರು. ಟೇಪಿನವರೂ ನಕ್ಕರು. ನಾವೂ ನಕ್ಕೆವು ಅನ್ನಸ್ತದ…

ಓಣಿಯೊಳಗ ಕೋಳಿ ಹಾದ್ರೂ ಜಗಳ ತೆಗಿಯೂ ಆಯಿ, ಲಗ್ನ, ಕುಬಸ, ಹೆಣ ಎಲ್ಲಾ ಹೇಳಬೇಕಾದ ಹೊತ್ತಿನಾಗ ಯಾಕ ಅಷ್ಟೇ ಅಂದಳು? ಸಿಟ್ಟಿಗೋ, ಸೊಕ್ಕಿಗೋ, ಆಕಿಗೂ ಸಾಹೇಬ್ರ ಮುಂದ ನಾಚಿಕಿ ಬಂತೋ? ನಾನು ಎಷ್ಟೋ ಸಲ ವಿಚಾರ ಮಾಡೀನಿ. ಒಂದೊಂದು ದಿನ ಒಂದೊಂದು ಖರೇ ಅನ್ನಸ್ತದ.

ಅವತ್ತು ಸಂಜಿಮುಂದ ಆಯಿ ನನ್ನ ಮಗನ ಕೈಲೇ ಆ ಫರ್ಸಿ ಹೊರಸಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಇದು ನಿನ್ನ ಹಂತ್ಯಾಕ ಇರಲಿ. ಮುಂದ ಹಂದರ ಬಿದ್ದಾಗ ಕೊಡು."

"ಯಾಕ, ನಿನ್ನ ಮನ್ಯಾಗ ಜಾಗಿಲ್ಲೇನು?"

"ನನ್ನ ಮನ್ಯಾಗ ಇನ್ನ ಯಾವ ಕಾರ್ಯ ಅದಾವ? ನಿನ್ನ ಮನ್ಯಾಗ ತೊಟ್ಲ ಬರೂದದ. ಅವತ್ತು ಮೊದಲು ಇದನ್ನ ಹಾಕು."

ಗಾರ್ಡನ್ ಆತು. ಸುಳ್ಳ್ಯಾಕ ಹೇಳಬೇಕು, ಚಂದ ಆಗ್ಯದ. ಸುತ್ತ ಕಬ್ಬಿಣದ ಬೇಲಿ, ಒಳಗ ಮಲ್ಲಿಗಿ, ದಾಸವಾಳ, ಜೋಕಾಲಿ, ಕೂಡಲಿಕ್ಕೆ ಬೆಂಚು. ಬೇವಿನ ಗಿಡಕ್ಕ ಸುಣ್ಣ ಹಚ್ಚಿ ಸುತ್ತಲೂ ಕಟ್ಟಿ ಕಟ್ಟಿದಾರ. ಮೊಳಕಾಲು ನೋವು ಬಂದಾಗಿಂದ ಡಾಕ್ಟರ್ ಅಡ್ಡಾಡು ಅಂತಾರ, ನಾನು ಅಲ್ಲೇ ಅಡ್ಡಾಡ್ತೀನಿ. ಧೂಳಿಲ್ಲ, ಪಾಲಿಶ್ ಮಷೀನಿನ ಗದ್ದಲ ಇಲ್ಲ. ಆದ್ರ ಒಲಿ ಹೂಡಂಗಿಲ್ಲ, ಹಂದರ ಹಾಕಂಗಿಲ್ಲ ಅಂತ ಬಾಗಿಲಿಗೆ ಬೋರ್ಡ್ ಅದ. ಹೂವಿನ ಗಿಡದ ನಡುವೆ ಒಲಿ ಹೂಡೂದು ಬರೋಬ್ಬರಿ ಅಲ್ಲ, ಅದೂ ಖರೇನೇ.

ಆಯಿ ಒಳಗ ಕಾಲಿಡಲಿಲ್ಲ. "ಬಾ ಆಯಿ, ಜೋಕಾಲಿ ಆಡೋಣು," ಅಂತ ನಾನು ಚ್ಯಾಷ್ಟಿ ಮಾಡಿದ್ರ ಬೇಲಿ ಹಿಡಿದು ಹೊರಗೇ ನಿಂತು, "ಎಲ್ಲಾ ಆತು, ಒಲಿ ಎಲ್ಲಿ ಹೂಡ್ತೀರಿ?" ಅಂತಿದ್ದಳು. ಅಷ್ಟೇ. ಮುಂದ ಸಿಂಪಿಗ್ಯಾನ ಮಗಳ ಲಗ್ನ ವಾಡಿ ರಸ್ತೆದಾಗಿನ ಹಾಲ್‌ದಾಗ ಆತು. ಆಟೋ ಹತ್ತಲಿಕ್ಕೆ ಆದವರು ಹೋದರು, ಆಗಲಾರದವರು ಮನಿಯೊಳಗ ಉಳಿದರು. ಆಯಿ ಉಳಿದಳು. ನಾನು ಆಕಿಗೆ ಡಬ್ಬಿಯೊಳಗ ಬುಂದಿ ತಂದುಕೊಟ್ಟೆ. ಮೂಸಿ ನೋಡಿ, "ಹೊಗಿ ವಾಸನಿನೇ ಇಲ್ಲಲ್ಲ," ಅಂದಳು.

ಒಂದು ಬ್ಯಾಸಗಿಯೊಳಗ ಆಯಿ ಹೋದಳು. ಮಗಳು ಚಿತ್ತಾಪುರದಿಂದ ಬರೂ ತನಕ ಓಣಿಯೊಳಗ, ಆಕಿ ಮನಿ ಗ್ವಾಡಿಗೇ ಆನಿಸಿ ಕೂಡಿಸಿದ್ದೆವು. ಮಂದಿ ಕೂಡಲಿಕ್ಕೆ ಜಾಗಾ ಇದ್ದಿಲ್ಲ, ಮೋಟರ್ ಸೈಕಲ್‌ನವರು ಹಾರ್ನ್ ಹೊಡಕೋತ ಆಕಿ ಕಾಲು ಸವರಿ ಹೋಗ್ತಿದ್ದರು. ಅಲ್ಲೇ ಮುಂದ ಗಾರ್ಡನ್ ಬಾಗಿಲ ತೆರೆದಿತ್ತು, ಬೇವಿನ ನೆರಳು ತುಂಬಿಕೊಂಡಿತ್ತು, ಬೆಂಚು ಖಾಲಿ ಇದ್ದವು. ನನ್ನ ಮಗ ಹೋಗಿ ಮಾಲಿನ್ನ ಕೇಳಿದ. ಮಾಲಿ ಕೈ ಮುಗಿದ. "ಹುಡುಗ್ರು ಆಡೂ ಜಾಗಾ ಅದರಿ ಅಣ್ಣಾ. ನಾಳಿ ನನಗ ಬೈತಾರ." ಅವನದೂ ತಪ್ಪಿಲ್ಲ. ನನ್ನ ಮೊಮ್ಮಗಳು ಆಡೂ ಕಡಿ ಹೆಣ ಕೂಡಸ್ತೀವಿ ಅಂತ ಯಾರಾರ ಬಂದ್ರ ನಾನೇನು ಹೂಂ ಅಂತಿದ್ದೆನೋ ಇಲ್ಲೋ… ಗೊತ್ತಿಲ್ಲ. ಆದ್ರ ಆಯಿ ಬಿಸಿಲಾಗೇ ಇದ್ದಳು. ನಾನು ಕೊಡಿ ಹಿಡಿದು ನಿಂತಿದ್ದೆ.

ಆ ಫರ್ಸಿಯನ್ನ ಮಗ ಬಚ್ಚಲಕ್ಕ ಹಾಕಿದ. ನಾನೂ ಮರೆತೆ.

ಈಗ ಕೂಸಿನ ತೊಟ್ಟಿಲ. ಮಗ ಹಾಲ್ ನೋಡೀನಿ ಅಂದ. ಮೊನ್ನಿ ಆ ವಾಸನಿ ಎದ್ದದ್ದಕ್ಕೋ ಏನೋ, ನಾನು ಹಟ ಹಿಡಿದೆ. "ಬ್ಯಾಡ. ಇಲ್ಲೇ ಓಣಿದಾಗ ಮಾಡೂದು. ಆ ಫರ್ಸಿ ಎಬ್ಬಸು."

"ಅವ್ವಾ, ನಾಳಿ ಕೂಸಿಗಿ ಎಲ್ಲಿ ಎರೀತಿ?"

"ನಿನ್ನ ತಲಿ ಮ್ಯಾಲ ಎರೀತೀನಿ, ನೀ ಎಬ್ಬಸು."

ಕಬ್ಬಿಣದ ಹಾರಿ ಹಾಕಿ ಎಬ್ಬಿಸಿದ. ನಿನ್ನೆ ಗಾರ್ಡನ್ ಬೇಲಿಯ ಮಗ್ಗಲಿಗೆ, ಹೊರಗ, ಓಣಿಯ ನಡುವೆ, ಎಲ್ಲಕ್ಕೂ ಮೊದಲು ಅದನ್ನ ಹಾಸಿದೆವು. ಮನಿಮನಿಗೆ ಹೋಗಿ ಫರ್ಸಿ ಕೇಳಿದೆ. ಅರ್ಧ ಮನಿಯವರು ಬಾಗಿಲ ಮುಂದಿನ ಪಾವಟಿಗಿಗೆ ಸಿಮೆಂಟ್ ಹಾಕಿ ಕೂಡಿಸಿಬಿಟ್ಟಾರ, ಸಿಂಪಿಗ್ಯಾನ ಕತ್ತರಿ ಗುರುತಿಂದು ವಾಷಿಂಗ್ ಮಷೀನಿನ ಬುಡಕ ಅದ. ಆದ್ರೂ ಒಂದು ಸಾಲಾತು, ಮ್ಯಾಲ ಹಂದರ ಬಿತ್ತು. ಒಲಿ ಹೂಡಿದೆವು. ಹೊಗಿ ಬೇಲಿ ದಾಟಿ ಮಲ್ಲಿಗಿ ಮ್ಯಾಲ ಹೋತು, ಮಾಲಿ ಬಂದ, ನೋಡಿದ, ಹುಗ್ಗಿ ಉಂಡು ಹೋದ. ಮೋಟರ್ ಸೈಕಲ್‌ನವರು ಬೈದರು, ಅವರನ್ನೂ ಕೂಡಿಸಿ ಉಣಸಿದೆವು. ಹೆಣ್ಣುಮಕ್ಕಳು ಜೋಗುಳ ಹಾಡಿದರು. ನನ್ನ ಮೊಮ್ಮಗಳು ಆ ಗದ್ದಲದೊಳಗ ನಿದ್ದಿ ಹೊಡೆದಳು, ಮುಷ್ಟಿ ಬಿಗಿಹಿಡಿದು. ನಾನು ಅಳಲಿಕತ್ತಿದ್ದೆ. ಸಾರಿನಾಗ ಅಳು ಅನ್ನವರು ಯಾರೂ ಇದ್ದಿಲ್ಲ.

ಉಂಡಾದ ಮ್ಯಾಲ ಯಾರ ಕಲ್ಲು ಅವರು ಗುರುತು ನೋಡಿ ಒಯ್ದರು. ಓಣಿ ಖಾಲಿ ಆತು. ಎರಡು ಬೊಟ್ಟಿನ ಫರ್ಸಿ ಒಂದೇ ಉಳೀತು, ಮ್ಯಾಲ ಎಣ್ಣಿ ಕಲಿ, ಬೆಲ್ಲದ ಪಾಕ. ಆಯಿ ಇದ್ದ ಮನಿಗೆ ಈಗ ಸೇಡಂ ಕಡಿಯವರು ಬಾಡಿಗಿ ಬಂದಾರ, ಹೊಸಬರು. ಆ ಹೆಣ್ಣುಮಗಳು ಕಸ ಹೊಡೆಯಲಿಕ್ಕೆ ಬಂದು ನಿಂತಳು.

"ಇದ್ ಯಾರ್ದ್ರಿ ಅಮ್ಮಾ?"

ಹಂದರ ಬಿದ್ದಾಗ ಕೊಡು ಅಂದಿದ್ದಳು ಆಯಿ. ಹಂದರ ಬಿದ್ದು ಎದ್ದಿತು. ಯಾರಿಗೆ ಕೊಡ್ಲಿ? ಆಯಿದು ಅನ್ನಲಿಕ್ಕೆ ಬಾಯಿ ತೆಗೆದೆ. ಆಯಿ ಯಾರು ಅಂತ ಆಕಿಗೆ ಹೇಳೂದು ಎಲ್ಲಿಂದ? ನನ್ನದು ಅನ್ನಲಿಕ್ಕೂ ಬರಲಿಲ್ಲ. ಬೇಲಿ ಆ ಕಡಿ ಬೇವು ಕಾಣ್ತಿತ್ತು.

"ಎಲ್ಲಾರ್ದೂ ಅದವ್ವಾ," ಅಂದೆ.

ಆಕಿ ನಗಲಿಲ್ಲ. "ಹಂಗಾದ್ರ ಒಂದ್ ಕೈ ಹಿಡೀರಿ," ಅಂದು ಸೆರಗು ಕಟ್ಟಿದಳು.