ಹರಕು ಸೀರೆ ಎಂದು ಹಾಡಿದ ಮಹಾದೇವಿ

ಮಹಾದೇವಿ ರಾಣೆಬೆನ್ನೂರಿನವಳು. ಜಾಲಹಳ್ಳಿಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಾಗ ತಾಯಿ ಜೊತೆಗಿದ್ದರು. ಅವರು ತೀರಿಕೊಂಡ ಮೇಲೆ ಚಿಕ್ಕಬಾಣಾವರದಲ್ಲಿ ಹನುಮಂತರಾಯಪ್ಪನವರ ಮನೆಯ ಮಹಡಿಗೆ ಬಾಡಿಗೆಗೆ ಬಂದಳು. ಆ ಬೀದಿಯ ಅರ್ಧ ಸೈಟುಗಳು ಒಂದು ಕಾಲಕ್ಕೆ ಹನುಮಂತರಾಯಪ್ಪನವರ ರಾಗಿ ಹೊಲ. ಮದುವೆಯ ಮಾತು ಬಂದು ಹೋಗಿ, ಆಮೇಲೆ ಬರುವುದೂ ನಿಂತು, ಮಹಾದೇವಿಗೆ ಈಗ ನಲವತ್ತೇಳು.

ಆಫೀಸಿನಲ್ಲಿ ಅವಳ ದನಿ ಪಕ್ಕದ ಟೇಬಲ್ಲಿಗೂ ಕೇಳಿಸುತ್ತಿರಲಿಲ್ಲ. ಹಾರ್ಮೋನಿಯಂ ಮುಂದಿಟ್ಟುಕೊಂಡು ವಚನ ಎತ್ತಿದರೆ ಬೀದಿ ತುದಿಯ ಬೇಕರಿಯಲ್ಲಿ ಟೀ ಕುಡಿಯುವವರು ತಲೆಯೆತ್ತುತ್ತಿದ್ದರು. ಬಡಾವಣೆಯ ಸಮಿತಿಗೆ ಹನುಮಂತರಾಯಪ್ಪನವರೇ ಅಧ್ಯಕ್ಷರು. ಗಣೇಶನನ್ನು ಕೂರಿಸಿದರೂ, ರಾಜ್ಯೋತ್ಸವ ಮಾಡಿದರೂ ಮೊದಲ ಹಾಡು ಅವಳದೇ. ಶನಿವಾರ, ಭಾನುವಾರ ಬೀದಿಯ ಹೆಣ್ಣುಮಕ್ಕಳು ಅವಳಲ್ಲಿ ಪಾಠಕ್ಕೆ ಬರುತ್ತಿದ್ದರು.

ಬೆಳಿಗ್ಗೆ ರೊಟ್ಟಿ ಬಡಿಯಲು ಚನ್ನಕ್ಕ ಬರುತ್ತಿದ್ದಳು. ಯಾದಗಿರಿ ಕಡೆಯವಳು. ಕೆರೆಯ ಅಂಚಿನ ತಗಡಿನ ಶೆಡ್ಡುಗಳಲ್ಲಿ ಗಂಡ, ಎರಡು ಮಕ್ಕಳ ಜೊತೆ ಇದ್ದಳು. ಕೆಲಸ ಮುಗಿಸಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ತಿನ್ನುತ್ತಿದ್ದರು. ದಿನದಲ್ಲಿ ಮಹಾದೇವಿ ತನ್ನ ಊರ ಕಡೆಯ ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಕಳೆದ ವರ್ಷ ದಸರಾ ಮುಗಿದ ವಾರ, ಕೆರೆ ಒತ್ತುವರಿ ತೆರವು ಎಂದು ಜೆಸಿಬಿ ತಂದು ಶೆಡ್ಡುಗಳನ್ನು ಕೆಡವಿದರು. ಕೆರೆಯ ಇನ್ನೊಂದು ದಡದಲ್ಲಿ ದೊಡ್ಡವರೊಬ್ಬರ ಕಲ್ಯಾಣಮಂಟಪವಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಚನ್ನಕ್ಕ ಗಂಟುಮೂಟೆ ಹೊತ್ತು ಬಂದು, ಒಂದು ಲೋಟ ನೀರು ಕುಡಿದು, ನಗರದ ಆಚೆ ತುದಿಯ ಹೂಡಿಯಲ್ಲಿ ಕಟ್ಟಡದ ಕೆಲಸವಿದೆಯಂತೆ ಎಂದು ಹೇಳಿ ಹೋದಳು. ಅವಳ ಸೀರೆ ತಗಡಿಗೆ ಸಿಕ್ಕು ಮೊಣಕಾಲಿನ ಹತ್ತಿರ ಹರಿದಿತ್ತು.

ಆ ವಾರವೆಲ್ಲ ಮಹಾದೇವಿ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಸಾಲು ಕಟ್ಟಿದಳು. ಅದುವರೆಗೆ ಅವಳು ಸ್ವಂತ ಹಾಡು ಬರೆದವಳೇ ಅಲ್ಲ. ರಾಜ್ಯೋತ್ಸವದ ವೇದಿಕೆಗೆ ಶಾಸಕರು ಬರುತ್ತಾರೆಂದು ಗೊತ್ತಿತ್ತು. ಗೊತ್ತಿದ್ದೇ ಹಾಡಿದಳು:

ಹಳದಿ ಕೆಂಪಿನ ಬಾವುಟದ ಕೆಳಗ
ಹರಕು ಸೀರೆಯಲಿ ಕುಂತೀಯೇನವ್ವ
ನಿನ್ನ ಮಕ್ಕಳ ಗೂಡು ಕೆಡವುವಾಗ
ಕಣ್ಣು ಮುಚ್ಚಿ ನೀ ಕುಂತೀಯೇನವ್ವ

ಎರಡನೆಯ ಚರಣದಲ್ಲಿ ಕಲ್ಯಾಣಮಂಟಪವೂ ಬಂತು. ಶಾಸಕರು ಹಾಡು ಮುಗಿಯುವ ಮೊದಲೇ ಎದ್ದರು. ಒಂದಷ್ಟು ಜನ ಚಪ್ಪಾಳೆ ತಟ್ಟಿದರು, ಅಕ್ಕಪಕ್ಕ ನೋಡಿ ನಿಲ್ಲಿಸಿದರು.

ಮಾರನೆಯ ದಿನಕ್ಕೆ ವಿಡಿಯೊ ಎಲ್ಲರ ಫೋನಿನಲ್ಲಿತ್ತು. ಕಲ್ಯಾಣಮಂಟಪದ ಮಾತು ಯಾರಿಗೂ ಬೇಕಾಗಿರಲಿಲ್ಲ. ಕನ್ನಡ ತಾಯಿಗೆ ಹರಕು ಸೀರೆ ಉಡಿಸಿದ್ದಾಳೆ, ರಾಜ್ಯೋತ್ಸವದ ದಿನವೇ ತಾಯಿಗೆ ಅವಮಾನ ಮಾಡಿದ್ದಾಳೆ ಎಂದು ಸುದ್ದಿಯಾಯಿತು. ಯಾರೋ ಠಾಣೆಗೆ ದೂರು ಕೊಟ್ಟರು. ಗುರುತಿಲ್ಲದ ಗಂಡಸರು ಫೋನ್ ಮಾಡಿ ಬಾಯಿಗೆ ಬಂದದ್ದು ಅಂದರು. ಆಫೀಸಿನಲ್ಲಿ ಮೇಲಿನವರು ಕರೆದು, ಹಾಡಿಗೂ ಕಾರ್ಖಾನೆಗೂ ಸಂಬಂಧವಿಲ್ಲ ಎಂದು ಬರೆಸಿಕೊಂಡರು.

ಠಾಣೆಗೆ ಹನುಮಂತರಾಯಪ್ಪನವರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಇನ್ಸ್‌ಪೆಕ್ಟರ್ ಒರಟರಲ್ಲ. ಟೀ ತರಿಸಿದರು. ಕೇಸು ನಿಲ್ಲುವಂಥದ್ದಲ್ಲ, ಆದರೆ ಮೇಲಿಂದ ಫೋನ್ ಬರುತ್ತಿದೆ ಎಂದು ವಿವರಿಸಿದರು. ಆಮೇಲೆ ಒಂದು ದಾರಿ ಸೂಚಿಸಿದರು.

"ಹರಕು ಅನ್ನೋ ಕಡೆ ಹಸಿರು ಅಂತ ಹಾಕ್ಬಿಡಿ ಮೇಡಂ. ಹಸಿರು ಸೀರೆ. ಬಾಯಿ ತಪ್ಪಿ ಆಯ್ತು ಅಂತ ಇನ್ನೊಂದು ವಿಡಿಯೊ ಮಾಡಿ. ಇವತ್ತೇ ಮುಗಿದುಹೋಗುತ್ತೆ."

ಮಹಾದೇವಿ ಮನಸ್ಸಿನಲ್ಲೇ ಹಾಡಿ ನೋಡಿದಳು. ಸರಿಯಾಗಿ ಕೂರುತ್ತಿತ್ತು. ತಾಳ ಎಲ್ಲೂ ತಪ್ಪುತ್ತಿರಲಿಲ್ಲ. ಅಷ್ಟು ಸಲೀಸಾಗಿ ಕೂರುತ್ತದೆ ಎಂಬುದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ನಾ ನೋಡಿದಾಕಿ ಹರಕು ಸೀರಿನ ಉಟ್ಟಿದ್ಲ್ರೀ ಸರ್" ಎಂದಳು.

ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದವಿದೆ ಎಂದು ಮಾತ್ರ ಬರೆದುಕೊಟ್ಟಳು. ಹನುಮಂತರಾಯಪ್ಪ ಅವಳನ್ನು ಕಾರಿನಲ್ಲೇ ಮನೆಗೆ ಕರೆತಂದರು. ಮನೆ ಖಾಲಿ ಮಾಡು ಎಂದು ಅವರು ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಆದರೆ ಪಾಠದ ಮಕ್ಕಳು ಬರುವುದು ನಿಂತಿತು. ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಗಂಟಲುನೋವು. ಕೆಳಗಿನ ಮನೆಯ ನಾಗಲಕ್ಷ್ಮಮ್ಮ, ಹನುಮಂತರಾಯಪ್ಪನವರ ಹೆಂಡತಿ, ಅಭ್ಯಾಸ ಮಾಡುವಾಗ ಕಿಟಕಿ ಮುಚ್ಚಿಕೊಳ್ಳಲು ಹೇಳಿದರು. ಅವಳು ಮುಚ್ಚಿಕೊಂಡಳು.

ಡಿಸೆಂಬರಿನಲ್ಲಿ ಇನ್ನೊಂದು ಪಕ್ಷದವರು ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಂದರು. ಪೀಣ್ಯದಲ್ಲಿ ಸಮಾವೇಶವಿತ್ತು, ಅಲ್ಲಿ ಅದೇ ಹಾಡು ಹಾಡಬೇಕಿತ್ತು. ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳಿದರು. ಎಷ್ಟೋ ವಾರಗಳ ನಂತರ ತನ್ನ ಮನೆಯಲ್ಲಿ ನಾಲ್ಕು ಜನ ಕೂತದ್ದು ಕಂಡು ಮಹಾದೇವಿಗೆ ಸಂತೋಷವೇ ಆಯಿತು, ಉಪ್ಪಿಟ್ಟು ಮಾಡಿದಳು. ತಿನ್ನುವಾಗ, ಇವರ ಆಡಳಿತವಿದ್ದಾಗ ಹೂಡಿ ಕಡೆ ಕೆಡವಿದ ಶೆಡ್ಡುಗಳ ಬಗ್ಗೆಯೂ ಒಂದು ಚರಣ ಸೇರಿಸಲೇ ಎಂದು ಕೇಳಿದಳು. ಅವಳು ನಿಜವಾಗಿಯೇ ಕೇಳಿದ್ದು. ಅವರು ತಿಳಿಸುತ್ತೇವೆ ಎಂದು ಎದ್ದರು. ಮತ್ತೆ ಫೋನ್ ಬರಲಿಲ್ಲ.

ಆಗ ಅವಳಿಗೆ ಚನ್ನಕ್ಕನನ್ನು ನೋಡಬೇಕೆನಿಸಿತು. ಭಾನುವಾರ ಬೆಳಿಗ್ಗೆ ಹೊರಟು, ಹೂಡಿಯಲ್ಲಿ ಕೇಳಿ ಕೇಳಿ, ಟೆಕ್ ಪಾರ್ಕಿನ ಹಿಂದಿನ ಖಾಲಿ ಜಾಗದಲ್ಲಿ ಶೆಡ್ಡು ಪತ್ತೆಮಾಡಿದಳು. ಚನ್ನಕ್ಕ ಬಕೆಟ್ ಬೋರಲು ಹಾಕಿ ಕೂರಿಸಿದಳು, ಚಹಾ ಕಾಸಿದಳು. ವಿಡಿಯೊ ಅವಳೂ ನೋಡಿದ್ದಳು. ಹಾಡಿನಲ್ಲಿರುವವರು ಇವರೇ ಎಂದು ಯಾರೋ ಹೇಳಿ, ಕ್ಯಾಮೆರಾದವರು ಇಲ್ಲಿಗೂ ಬಂದಿದ್ದರಂತೆ. ಜಾಗದ ಮಾಲೀಕ ಗಾಬರಿಯಾಗಿ, ಯುಗಾದಿಯೊಳಗೆ ಖಾಲಿ ಮಾಡಿ ಎಂದಿದ್ದಾನಂತೆ.

"ನಮ್ಮ ಸಲುವಾಗಿ ಹಾಡ್ರಿ ಅಂತ ನಾವೇನ್ ಕೇಳಿದ್ವೇನ್ರೀ ಅಕ್ಕಾ?" ಎಂದಳು ಚನ್ನಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಒಲೆ ಆರಿಸುತ್ತಾ ಹೇಳಿದಳು.

ಇಲ್ಲ ಎಂದಳು ಮಹಾದೇವಿ. ಮಹಡಿಯಲ್ಲಿ ಎರಡು ಕೋಣೆಗಳಿವೆ, ಬೇರೆ ಕಡೆ ಸಿಗುವವರೆಗೆ ಬಂದಿರಿ ಎಂದು ಕರೆದಳು. ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದ್ದೇವೆ, ಬರಲಾಗುವುದಿಲ್ಲ ಎಂದಳು ಚನ್ನಕ್ಕ. ಬಸ್‌ಸ್ಟಾಪಿನವರೆಗೆ ಬಂದು ಬಿಟ್ಟುಹೋದಳು.

ವಾಪಸು ಬರುವಾಗ ಮಹಾದೇವಿ ಕಿಟಕಿಯ ಪಕ್ಕ ಕೂತು ಅತ್ತಳು. ಬರೆದದ್ದು ಸುಳ್ಳಲ್ಲ. ಬರೆಯುವ ಮೊದಲು ಒಮ್ಮೆ ಹೂಡಿಗೆ ಹೋಗಿ ಕೇಳಬಹುದಿತ್ತು ಎಂಬುದೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಿಕೊಳ್ಳಲು ಅವಳಿಗೆ ಜನವಿರಲಿಲ್ಲ.

ಬೇಸಿಗೆಯಲ್ಲಿ ದೂರು ಸದ್ದಿಲ್ಲದೆ ಮುಗಿಯಿತು. ಈ ವರ್ಷ ಅಕ್ಟೋಬರಿನಲ್ಲಿ ಹನುಮಂತರಾಯಪ್ಪ ಮಹಡಿ ಹತ್ತಿ ಬಂದು, ನಾಡಗೀತೆಯಷ್ಟೇ ಹಾಡಲು ಕೇಳಿದರು. ಅದರ ಜೊತೆ ತನ್ನದೂ ಒಂದು ಇರುತ್ತದೆ, ಅದನ್ನು ಮೊದಲೇ ಯಾರಿಗೂ ತೋರಿಸುವುದಿಲ್ಲ ಎಂದಳು ಮಹಾದೇವಿ.

ಅವರು ಇಳಿಯಲು ಹೋಗಿ ಮೆಟ್ಟಿಲ ಮೇಲಿಂದಲೇ ತಿರುಗಿದರು. "ನಿನ್ ದನಿ ನಂಗೂ ಇಷ್ಟನೇ ಕಣಮ್ಮ. ಆದ್ರೆ ಇಂಗಂದ್ರೆ ನಾನು ಎಂಗೆ ಕರೀಲಿ?"

ಕರೆಯಬೇಡಿ, ಬೇಜಾರಿಲ್ಲ ಎಂದಳು.

ರಾಜ್ಯೋತ್ಸವದ ಸಂಜೆ ಅವಳು ಅಡುಗೆಮನೆಯಲ್ಲಿದ್ದಳು. ಮೈಕಿನಲ್ಲಿ ಹೊಸ ಹುಡುಗಿಯೊಬ್ಬಳು ಹಾಡುತ್ತಿದ್ದಳು. ಒಳ್ಳೆಯ ಕಂಠ, ಶ್ರುತಿ ತುಸು ಮೇಲಾಗಿತ್ತು. ಮಹಾದೇವಿ ಹಿಟ್ಟು ನಾದುವುದು ನಿಲ್ಲಿಸಿ ಕೊನೆಯವರೆಗೂ ಕೇಳಿದಳು. ಆಮೇಲೆ ತನಗೊಬ್ಬಳಿಗಾಗುವಷ್ಟು ರೊಟ್ಟಿ ಬಡಿದುಕೊಂಡಳು.